ಹದಿನೈದು ದಿನ ಸಾಕು ಅಂದಿದ್ದೆ

ಹಳೆಯದನ್ನು ಕಂಡರೆ ನನಗೆ ಆಗುವುದಿಲ್ಲ. ಖಾಲಿ ಡಬ್ಬ, ಮುರಿದ ಛತ್ರಿ, ಹೋದ ವರ್ಷದ ಕ್ಯಾಲೆಂಡರು, ಯಾವುದೂ ನನ್ನ ಕೈಗೆ ಸಿಕ್ಕಿ ಉಳಿದದ್ದಿಲ್ಲ. ಮನೆಯಲ್ಲಿ ಏನಾದರೂ ಕಾಣೆಯಾದರೆ ನನ್ನನ್ನು ಕೇಳುವುದಕ್ಕಿಂತ ಗುಜರಿಯವನನ್ನು ಕೇಳುವುದು ವಾಸಿ ಎನ್ನುತ್ತಾರೆ ನನ್ನ ಗಂಡ. ಫೋನಿಗೆ ಬಂದ ಕರೆಗಳ ಪಟ್ಟಿಯನ್ನೂ ಭಾನುವಾರಕ್ಕೊಮ್ಮೆ ಅಳಿಸಿ ಹಗುರಾಗುವವಳು ನಾನು. ಇಂಥವಳಿಗೆ ಮೂರು ಊರಿನ ಯಂತ್ರಗಳ ನೆನಪು ಕಾಯುವ ಕೆಲಸ ಸಿಕ್ಕಿತು. ತಪ್ಪು ಕೊಟ್ಟವರದೋ, ಒಪ್ಪಿಕೊಂಡವಳದೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ನಾನು ಕೊಳ್ಳೇಗಾಲದ ಒಂದು ಖಾಸಗಿ ಚಾಕಿ ಕೇಂದ್ರದಲ್ಲಿ ಕಂಪ್ಯೂಟರು ನೋಡಿಕೊಳ್ಳುತ್ತೇನೆ. ರೇಷ್ಮೆಯ ಗೊಡವೆ ಇಲ್ಲದವರಿಗೆ ಚಾಕಿ ಎಂದರೆ ಏನೆಂದು ಹೇಳಬೇಕು. ಮೊಟ್ಟೆಯೊಡೆದ ರೇಷ್ಮೆ ಹುಳ ಎಳ್ಳಿಗಿಂತ ಸಣ್ಣದು. ಮೊದಲ ಹತ್ತು ದಿನ ಅದಕ್ಕೆ ಎಳೆಯ ಹಿಪ್ಪುನೇರಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಬೇಕು, ಹದವಾದ ಶಾಖ ಬೇಕು, ಗಾಳಿಯಲ್ಲಿ ತೇವ ಬೇಕು. ಈ ಎಳೆಯ ಹುಳಕ್ಕೆ ಚಾಕಿ ಎನ್ನುತ್ತಾರೆ. ರೈತರ ಮನೆಯಲ್ಲಿ ಅಷ್ಟು ನಾಜೂಕು ನಡೆಯುವುದು ಕಷ್ಟವಾದ್ದರಿಂದ, ನಮ್ಮಂಥ ಕೇಂದ್ರಗಳು ಹತ್ತು ದಿನ ಸಾಕಿ ಕೊಡುತ್ತವೆ. ಆಮೇಲೆ ರೈತರು ಹುಳ ಒಯ್ದು, ಗೂಡು ಕಟ್ಟುವವರೆಗೆ ತಾವು ಮೇಯಿಸುತ್ತಾರೆ. ಕೇಂದ್ರದ ಯಜಮಾನರಿಗೆ ಕೊಳ್ಳೇಗಾಲದಲ್ಲೊಂದು, ಹನೂರಿನಲ್ಲೊಂದು ಚಾಕಿ ಮನೆ. ಯಳಂದೂರಿನಲ್ಲಿ ಮೂರನೆಯದು ಆಗ ಇನ್ನೂ ಸಜ್ಜಾಗುತ್ತಿತ್ತು.

ಹನೂರಿನ ಚಾಕಿ ಮನೆ ನಡೆಸುತ್ತಿದ್ದವಳು ಲೊಕ್ಕನಹಳ್ಳಿ ಕಡೆಯ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವಳು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಅಕ್ಕ ಎನ್ನುತ್ತಿದ್ದೆ. ಬೆಳಗಿನ ಮೊದಲ ಬಸ್ಸಿಗೆ ಬಂದು ಬೀಗ ತೆಗೆಯುವವಳು ಅವಳೇ. ತಟ್ಟೆಯ ಮೇಲೆ ಬೆರಳ ಹಿಂಬದಿ ಇಟ್ಟು, "ಇನ್ನೊಂದ್ ಗಂಟೆಗೆ ಕುಂತ್ಕತವೆ," ಅಂದರೆ ಇನ್ನೊಂದು ಗಂಟೆಗೆ ಹುಳ ಮೇವು ಬಿಟ್ಟು ಕೂರುತ್ತಿತ್ತು. ಹೀಗೆ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಚರ್ಮ ಕಳಚುವ ದಿನಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪಿಲ್ಲ, ತೇವವಿಲ್ಲ, ಮಾತೂ ಇಲ್ಲ. ಸುಣ್ಣ ಉದುರಿಸಿ, ಬಾಗಿಲು ಮುಚ್ಚಿ, ಅದನ್ನು ಅದರ ಪಾಡಿಗೆ ಬಿಡಬೇಕು. ಅಕ್ಕ ಆ ದಿನ ಮನೆಯ ಹೊರಗೂ ಪಿಸುಮಾತಿನಲ್ಲೇ ಬೈಯುತ್ತಿದ್ದಳು.

ಶಾಖ ಮತ್ತು ತೇವ ನೋಡಿಕೊಳ್ಳಲು ಯಂತ್ರಗಳನ್ನು ತಂದಿದ್ದರು. ಮೂರೂ ಊರಿನ ಕಂಪ್ಯೂಟರುಗಳಲ್ಲಿ ಒಂದೇ ಪ್ರೋಗ್ರಾಂ. ಯಾವ ಊರಿನಲ್ಲಿ ಕೂತರೂ ಯಾವ ಊರಿನ ಚಾಕಿ ಮನೆಯನ್ನಾದರೂ ತೆರೆದು ನೋಡಬಹುದು, ಬದಲಿಸಲೂಬಹುದು. ಯಾರು ಒಳಗೆ ಬಂದರು, ಯಾವ ಕಂಪ್ಯೂಟರಿನಿಂದ, ಎಷ್ಟು ಹೊತ್ತಿಗೆ, ಏನನ್ನು ಬದಲಿಸಿದರು ಎಂಬುದನ್ನು ಯಂತ್ರ ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುತ್ತ ಹೋಗುತ್ತದೆ. ಅದೇ ಲಾಗ್. ವಾರದ ಕೊನೆಗೆ ಅದರ ಸಾರಾಂಶ ಒಂದು ಹಾಳೆಯಾಗಿ ಬರುತ್ತಿತ್ತು. ಸಾರಾಂಶದಲ್ಲಿ ದಿನ, ಬದಲಾವಣೆ, ಹೆಸರು ಇಷ್ಟೇ.

ಹೆಸರಿನದೇ ಒಂದು ತಮಾಷೆ. ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಕಂಪ್ಯೂಟರು ತೆರೆಯಬೇಕೆಂದು ನಾನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೆ. ಹುಳ ಮುಟ್ಟುವವರು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈಕಾಲು ತೊಳೆದು, ಒಳಗಿನ ಚಪ್ಪಲಿ ಹಾಕಿ ಹೋದ ಮೇಲೆ ಹೊರಗಿನ ಏನನ್ನೂ ಮುಟ್ಟುವಂತಿಲ್ಲ. ಕೀಬೋರ್ಡು ಮುಟ್ಟಿದರೆ ಮತ್ತೆ ತೊಳೆಯಬೇಕು. ದಿನಕ್ಕೆ ಎಷ್ಟು ಸಲ ತೊಳೆದಾರು? ಹಾಗಾಗಿ ಬೆಳಿಗ್ಗೆ ಮೊದಲು ಬಂದವರು, ಕೈ ತೊಳೆಯುವ ಮುಂಚೆ, ತಮ್ಮ ಹೆಸರಿನಲ್ಲಿ ತೆರೆದಿಟ್ಟು ಒಳಗೆ ಹೋಗುತ್ತಿದ್ದರು. ಸಂಜೆಯವರೆಗೆ ಸೊಪ್ಪಿನವರು, ಮೇಲ್ವಿಚಾರಕರು, ಬಂದುಹೋದ ರಿಪೇರಿಯವರು ಎಲ್ಲರೂ ಅದೇ ಹೆಸರಿನಲ್ಲಿ. ಹನೂರಿನಲ್ಲಿ ಮೊದಲು ಬರುವವಳು ಅಕ್ಕ. ಆದ್ದರಿಂದ ಹನೂರಿನಲ್ಲಿ ಏನೇ ನಡೆದರೂ ಅಕ್ಕನ ಹೆಸರು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದೆ. ಅಷ್ಟೇ ಅಲ್ಲ, ನನ್ನ ಲ್ಯಾಪ್‌ಟಾಪಿನಲ್ಲೂ ಅವಳ ಹೆಸರೇ ಕೂತಿತ್ತು. ಯಾವಾಗಲೋ ಹನೂರಿನಲ್ಲಿ ಕೆಲಸ ಮಾಡುವಾಗ ಹಾಕಿದ್ದು, ಬದಲಿಸಲು ಸೋಮಾರಿತನ.

ಇನ್ನು ಲಾಗ್ ಎಷ್ಟು ದಿನ ಇಡಬೇಕು ಎಂಬ ಪ್ರಶ್ನೆ. ಕಂಪ್ಯೂಟರುಗಳು ಹಳೆಯವು, ಜಾಗ ಕಡಿಮೆ. ನಿಮಿಷಕ್ಕೊಮ್ಮೆ ಶಾಖ ಬರೆದುಕೊಳ್ಳುವ ಯಂತ್ರ ಡಿಸ್ಕನ್ನು ಬೇಗ ತುಂಬಿಸಿಬಿಡುತ್ತದೆ. "ಎಷ್ಟ್ ದಿನದ್ದು ಇಡ್ಬೇಕಮ್ಮ?" ಎಂದು ಯಜಮಾನರು ಕೇಳಿದಾಗ ನಾನು ಯೋಚಿಸಲೂ ಇಲ್ಲ. ಹುಳ ನಮ್ಮಲ್ಲಿರುವುದು ಹತ್ತು ದಿನ. ಅವು ಬಾಗಿಲು ದಾಟಿದ ಮೇಲೆ ಅವುಗಳ ಚರಿತ್ರೆ ಯಾರಿಗೆ ಬೇಕು? "ಹದಿನೈದು ದಿನ ಸಾಕು ಸರ್," ಅಂದೆ. ಐದು ದಿನ ಜಾಸ್ತಿಯೇ ಕೊಟ್ಟೆನೆಂಬ ಧಾರಾಳ ಬೇರೆ. ಹದಿನೈದು ದಿನ ದಾಟಿದ ಸಾಲುಗಳನ್ನು ತಾನೇ ಅಳಿಸಿಕೊಳ್ಳುವಂತೆ ಒಂದು ಆಜ್ಞೆ ಬರೆದು ಕೊಳ್ಳೇಗಾಲಕ್ಕೂ ಹನೂರಿಗೂ ಹಾಕಿದೆ. ಯಳಂದೂರಿನದು ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಅಲ್ಲಿಗೆ ಆಮೇಲೆ ಹಾಕಿದರಾಯಿತು ಎಂದುಕೊಂಡು ಮರೆತೆ.

ಚಳಿಗಾಲದ ಒಂದು ದಿನ ಕಾಮಗೆರೆ ಕಡೆಯ ಆರೇಳು ಮನೆಯವರು ಹನೂರಿನ ಅಂಗಳಕ್ಕೆ ಬಂದರು. ಮೊರಗಳಲ್ಲಿ ಸತ್ತ ಹುಳ ತಂದಿದ್ದರು. ಬೆರಳುದ್ದ ಬೆಳೆದು, ಇನ್ನೇನು ಗೂಡಿಗೆ ಏರಬೇಕೆನ್ನುವಾಗ ಮೆತ್ತಗಾಗಿ, ಕಪ್ಪಾಗಿ, ವಾಸನೆ ಹೊಡೆಯುತ್ತಿದ್ದ ಹುಳಗಳು. ಸಪ್ಪೆ ರೋಗ ಎನ್ನುತ್ತಾರೆ. ಎಲ್ಲರೂ ಒಂದೇ ದಿನ ನಮ್ಮಲ್ಲಿ ಚಾಕಿ ಒಯ್ದವರು. ಒಬ್ಬರ ಮನೆಯಲ್ಲಾದರೆ ಅವರ ಸಾಕಣೆಯ ತಪ್ಪು ಎನ್ನಬಹುದು, ಎಲ್ಲರ ಮನೆಯಲ್ಲೂ ಆದರೆ?

ಯಜಮಾನರೂ ನಾನೂ ಕೊಳ್ಳೇಗಾಲದಿಂದ ಹೋದೆವು. ಬಂದಿದ್ದವರಲ್ಲಿ ಹಿರಿಯ ರೈತರೊಬ್ಬರು ಮೊರವನ್ನು ಯಜಮಾನರ ಕಾಲ ಬಳಿ ಇಟ್ಟು, "ನೋಡಿ ಸಾ. ಎರಡನೇ ಜ್ವರದಲ್ಲೇ ಕೆಟ್ಟವೆ ಇವು. ನಿಮ್ ಮನೇಲಿದ್ದಾಗ್ಲೆ ಒದ್ದೆಯಾಗವೆ. ನಂ ತಾವು ಬಂದ್ಮೇಲಲ್ಲ," ಅಂದರು.

ಯಜಮಾನರು ನನ್ನ ಕಡೆ ತಿರುಗಿದರು. "ನೋಡಮ್ಮ, ಕಂಪ್ಯೂಟ್ರು ಏನ್ ಹೇಳ್ತದೆ?"

ನಾನು ವಾರದ ಸಾರಾಂಶದ ಹಾಳೆ ತೆಗೆದೆ. ಎರಡನೇ ಜ್ವರದ ದಿನಕ್ಕೆ ಒಂದು ಸಾಲಿತ್ತು: ತೇವ ತೊಂಬತ್ತಕ್ಕೆ ಏರಿಕೆ. ಎದುರಿಗೆ ಅಕ್ಕನ ಹೆಸರು. ನನ್ನ ದನಿ ಮೊದಲೇ ದೊಡ್ಡದು. ಅಷ್ಟು ಜನರ ನಡುವೆ, ಗಟ್ಟಿಯಾಗಿ, ಹೆಸರು ಸಮೇತ ಓದಿದೆ.

ಅಕ್ಕ ಚಾಕಿ ಮನೆಯ ಬಾಗಿಲಲ್ಲಿ ಒದ್ದೆ ಕೈ ಎತ್ತಿ ಹಿಡಿದು ನಿಂತಿದ್ದಳು. "ನಾನು ಮುಟ್ಟಿಲ್ಲ ಸಾ," ಅಂದಳು. "ಜ್ವರಕ್ಕೆ ಕುಂತ ಉಳದ ಮನೆಗೆ ಆವಿ ಬುಡೋಕೆ ನಂಗೇನ್ ಬುದ್ಧಿ ಕೆಟ್ಟದಾ? ಮಧ್ಯಾಹ್ನ ಕದ ತಗದು ನೋಡ್ತೀನಿ, ಮಿಷಿನ್ನು ತಾನೇ ಆವಿ ಬುಡ್ತಾ ಅದೆ. ಗೋಡೆ ಸ್ವಿಚ್ಚು ಆರ್ಸಿ ಸುಣ್ಣ ಉದ್ರಿಸ್ದೆ. ಆಗ್ಲೆ ಮೇಡಮ್ಮಂಗೆ ಪೋನ್ ಮಾಡಿ ಯೋಳಿವ್ನಿ. ಕೇಳಿ ಬೇಕಾದ್ರೆ."

ಎಲ್ಲರೂ ನನ್ನನ್ನು ನೋಡಿದರು.

ನನಗೆ ನೆನಪಿರಲಿಲ್ಲ. ಇದು ಸುಳ್ಳಲ್ಲ. ದಿನಕ್ಕೆ ಹತ್ತಾರು ಫೋನು ಬರುತ್ತವೆ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡದ್ದು, ಮೌಸಿನ ವೈರನ್ನು ಇಲಿ ಕಡಿದದ್ದು, ಕರೆಂಟು ಹೋದದ್ದು. "ನೆನಪಿಲ್ಲ," ಅಂದೆ. ಫೋನಿನ ಪಟ್ಟಿ ನೋಡೋಣವೆಂದರೆ ಅಷ್ಟು ಭಾನುವಾರಗಳು ಕಳೆದಿದ್ದವು. ಅವಳದು ಗುಂಡಿಯ ಫೋನು, ಅದರಲ್ಲಿ ಹತ್ತು ಕರೆಗಿಂತ ಹಿಂದಿನದು ಉಳಿಯದು. ಯಾವ ಕಂಪ್ಯೂಟರಿನಿಂದ ಬದಲಾಯಿತು, ಎಷ್ಟು ಹೊತ್ತಿಗೆ ಎಂದು ಯಜಮಾನರು ಕೇಳಿದರು. "ಅದು ಹದಿನೈದು ದಿನದ ಮೇಲೆ ಇರಲ್ಲ ಸರ್," ಅಂದೆ.

ಅಲ್ಲಿ ನಾನು ಇನ್ನೊಂದು ಮಾತು ಹೇಳಬಹುದಿತ್ತು. ಆ ಹೆಸರಿಗೆ ಅರ್ಥವಿಲ್ಲ, ದಿನವಿಡೀ ಯಾರು ಮುಟ್ಟಿದರೂ ಅದೇ ಹೆಸರು ಬೀಳುತ್ತದೆ ಎಂದು. ಹೇಳಿದ್ದರೆ, ಗೋಡೆಯ ಮೇಲಿನ ನಿಯಮ ಮುರಿಯುತ್ತಿದ್ದದ್ದು ನಿನಗೆ ಗೊತ್ತಿರಲಿಲ್ಲವೇ ಎಂಬ ಪ್ರಶ್ನೆ ನನ್ನ ಮೇಲೆ ಬರುತ್ತಿತ್ತು. ನಾನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟುಕೊಂಡೆ.

ಯಜಮಾನರು ಕೆಟ್ಟವರಲ್ಲ. ರೈತರಿಗೆ ಬೇರೆ ಚಾಕಿ ಕೊಡುವುದಾಗಿ ಒಪ್ಪಿದರು. ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. "ನಾಳೆಯಿಂದ ನೀನು ಸೊಪ್ಪಿನ ಶೆಡ್ಡಿಗೆ ಓಗವ್ವ. ಉಳ ಮುಟ್ಬೇಡ," ಅಂದರು. ಅವರ ಲೆಕ್ಕದಲ್ಲಿ ಅದು ಕರುಣೆ. ಅಕ್ಕ ಎತ್ತಿ ಹಿಡಿದಿದ್ದ ಕೈಗಳನ್ನು ನೋಡಿಕೊಂಡು, ಸೆರಗಿನಲ್ಲಿ ಒರೆಸಿಕೊಂಡಳು. ತೊಳೆದ ಕೈಯನ್ನು ಅವಳು ಬಟ್ಟೆಗೆ ಒರೆಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದಾದ ಮೇಲೆ ಹನೂರಿಗೆ ಹೋದಾಗಲೆಲ್ಲ ಶೆಡ್ಡಿನ ಮುಂದೆ ಹಾಯದೆ ಹಿಂದಿನ ಗೇಟಿನಿಂದ ಹೋಗುವುದನ್ನು ಕಲಿತೆ. ತಪ್ಪು ಅವಳದೇ ಎಂದು ನಂಬಿಕೊಳ್ಳಲು ಪ್ರಯತ್ನವನ್ನೂ ಮಾಡಿದೆ. ವಯಸ್ಸಾಯಿತು, ಯಾವುದೋ ಗುಂಡಿ ಒತ್ತಿರಬೇಕು ಎಂದು. ಕೀಬೋರ್ಡನ್ನು ಬೆಳಿಗ್ಗೆ ಒಂದು ಸಲ ಬಿಟ್ಟರೆ ಮುಟ್ಟದ ಹೆಂಗಸಿನ ಬಗ್ಗೆ ಹೀಗೆ ಅಂದುಕೊಳ್ಳಲು ಸಾಕಷ್ಟು ಶ್ರಮ ಬೇಕಾಗುತ್ತದೆ.

ಸ್ವಲ್ಪ ದಿನಕ್ಕೆ ನಮಗೆ ಮೊಟ್ಟೆ ಕೊಡುವವರಿಂದ ಹೊಸ ಷರತ್ತು ಬಂತು. ಚಾಕಿ ಮನೆಯ ದಾಖಲೆಗಳನ್ನು ಒಂದು ವರ್ಷ ಉಳಿಸಬೇಕು, ಕೇಳಿದಾಗ ತೋರಿಸಬೇಕು, ಇಲ್ಲವಾದರೆ ಮೊಟ್ಟೆಯಿಲ್ಲ. ಯಜಮಾನರು ಆ ಕಾಗದವನ್ನು ನನ್ನ ಮುಂದೆ ತಳ್ಳಿ, "ಎಂಗಾದ್ರೂ ಮಾಡಮ್ಮ, ನೀನೇ ಒಂದು ದಾರಿ ಆರಿಸು," ಅಂದರು.

ಆರಿಸುವುದು ಎಂದರೆ ನನಗೆ ಸೀರೆ ಅಂಗಡಿಯಲ್ಲೂ ತಲೆನೋವು. ಒಂದು ವಾರ ಕಾಗದದ ಮೇಲೆ ಗೀಚಿದೆ. ಆಯಾ ಊರಿನ ಕಂಪ್ಯೂಟರಿಗೇ ದೊಡ್ಡ ಡಿಸ್ಕು ಹಾಕುವುದು ಸುಲಭ. ಆದರೆ ಚಾಕಿ ಮನೆಯ ತೇವ ಮತ್ತು ಬ್ಲೀಚಿಂಗ್ ಪೌಡರಿನ ಗಾಳಿ ಕಬ್ಬಿಣದ ಬೀರುವನ್ನೇ ತಿನ್ನುತ್ತದೆ, ಡಿಸ್ಕು ಯಾವ ಲೆಕ್ಕ? ಯಂತ್ರ ಸತ್ತರೆ ಅದು ಯಾಕೆ ಸತ್ತಿತು ಎಂಬ ಸಾಲೂ ಅದರ ಜೊತೆಗೇ ಸಾಯುತ್ತದೆ. ಇಂಟರ್ನೆಟ್ಟಿನಲ್ಲಿ ಎಲ್ಲೋ ದೂರದವರ ಬಳಿ ಇಡಬಹುದು. ಹನೂರಿನಲ್ಲಿ ರಸ್ತೆ ಬದಿ ಯಾರಾದರೂ ಗುದ್ದಲಿ ಎತ್ತಿದರೆ ಸಾಕು, ಲೈನು ಹೋಗುತ್ತದೆ. ಹೋದಾಗಿನ ಸಾಲುಗಳು ಎಲ್ಲಿ ಸೇರಬೇಕು? ಎಲ್ಲವನ್ನೂ ಕಾಗದದಲ್ಲಿ ಮುದ್ರಿಸಿ ಕಟ್ಟಿಡೋಣವೆಂದರೆ, ಅದನ್ನು ಮೊದಲು ಗುಜರಿಗೆ ಹಾಕುವವಳು ನಾನೇ.

ಕೊನೆಗೆ ಹೀಗೆ ತೀರ್ಮಾನಿಸಿದೆ. ಕೊಳ್ಳೇಗಾಲದ ಆಫೀಸಿನಲ್ಲಿ, ಒಣ ಕೋಣೆಯಲ್ಲಿ, ಒಂದೇ ಒಂದು ಯಂತ್ರ. ಮೂರೂ ಊರಿನವು ತಮ್ಮ ಸಾಲುಗಳನ್ನು ಬರೆದ ಕೂಡಲೇ ಅದಕ್ಕೆ ಕಳಿಸಬೇಕು. ಲೈನು ಹೋದರೆ ತಮ್ಮಲ್ಲೇ ಹಿಡಿದಿಟ್ಟುಕೊಂಡು, ಬಂದ ಮೇಲೆ ಕಳಿಸಬೇಕು. ಅಲ್ಲಿಂದ ಇನ್ನೊಂದು ಡಿಸ್ಕಿಗೆ ಪ್ರತಿ. ನಿಮಿಷಕ್ಕೊಮ್ಮೆಯ ಶಾಖ, ತೇವದ ಅಂಕಿಗಳನ್ನು ಒಂದು ತಿಂಗಳಾದ ಮೇಲೆ ಗಂಟೆಗೊಂದರಂತೆ ಇಳಿಸಿದರೂ ನಷ್ಟವಿಲ್ಲ. ಯಾರು, ಎಲ್ಲಿಂದ, ಏನು ಬದಲಿಸಿದರು ಎಂಬುದರಲ್ಲಿ ಮಾತ್ರ ಒಂದು ಸಾಲನ್ನೂ ಬಿಡುವಂತಿಲ್ಲ.

ಈ ಕೊನೆಯ ವಾಕ್ಯ ಬರೆಯುವಾಗ ಪೆನ್ನು ನಿಂತಿತು. ಹುಳ ನಮ್ಮಲ್ಲಿರುವುದು ಹತ್ತು ದಿನ, ನಿಜ. ಅದರ ಕಾಯಿಲೆ ಹೊರಗೆ ಕಾಣುವುದು ರೈತರ ಮನೆಗೆ ಹೋಗಿ ಎರಡು ವಾರ ಕಳೆದ ಮೇಲೆ. ದೂರು ಬರುವುದು ಅದಕ್ಕೂ ಆಚೆ. ಪ್ರಶ್ನೆ ಬಂದು ಬಾಗಿಲು ತಟ್ಟುವ ಹೊತ್ತಿಗೆ ಉತ್ತರ ಅಳಿದುಹೋಗಿರುವಂತೆ ನಾನು ಏರ್ಪಾಡು ಮಾಡಿದ್ದೆ. ಎಷ್ಟು ದಿನ ಇಡಬೇಕೆಂದು ಡಿಸ್ಕನ್ನು ಕೇಳಿದ್ದೆ, ಹುಳವನ್ನು ಕೇಳಿರಲಿಲ್ಲ. ಅಕ್ಕನನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದಳು. ನನಗೆ ನಾಚಿಕೆಯಾಯಿತು. ಆದರೆ ಅದು ಇನ್ನೂ ಸಣ್ಣ ನಾಚಿಕೆ.

ದೊಡ್ಡದು ಯಳಂದೂರಿನಲ್ಲಿ ಕಾದಿತ್ತು. ಅಲ್ಲಿನ ಯಂತ್ರವನ್ನು ಹೊಸ ವ್ಯವಸ್ಥೆಗೆ ಸೇರಿಸಲು ಒಂದು ಬೆಳಿಗ್ಗೆ ಹೋದೆ. ಚಾಕಿ ಮನೆಯಲ್ಲಿ ಇನ್ನೂ ಹುಳವಿರಲಿಲ್ಲ, ಸುಣ್ಣದ ವಾಸನೆ ಮಾತ್ರ. ಕಂಪ್ಯೂಟರು ತೆರೆದರೆ ಅದರ ಲಾಗ್ ಮೊದಲ ದಿನದಿಂದಲೂ ಹಾಗೇ ಇತ್ತು. ಅಳಿಸುವ ಆಜ್ಞೆಯನ್ನು ನಾನು ಅಲ್ಲಿಗೆ ಹಾಕುವುದನ್ನೇ ಮರೆತಿದ್ದೆನಲ್ಲ. ಎಷ್ಟಿದೆ ನೋಡೋಣವೆಂದು ಮೇಲಿನಿಂದ ಕೆಳಕ್ಕೆ ಸರಿಸುತ್ತ ಹೋದೆ. ಒಂದು ದಿನಾಂಕದ ಬಳಿ ಕೈ ನಿಂತಿತು. ಹನೂರಿನ ಎರಡನೇ ಜ್ವರದ ದಿನ.

ಬದಲಾವಣೆ ಯಾವ ಊರಿನದಾದರೂ, ಒತ್ತಿದ ಕಡೆಯ ಯಂತ್ರವೂ ಆ ಸಾಲನ್ನು ಬರೆದಿಟ್ಟುಕೊಳ್ಳುತ್ತದೆ. ಸಾಲು ಹೀಗಿತ್ತು: ಮಧ್ಯಾಹ್ನ. ಯಳಂದೂರಿನ ಯಂತ್ರಕ್ಕೆ ಸಿಕ್ಕಿಸಿದ ಲ್ಯಾಪ್‌ಟಾಪಿನಿಂದ. ಚಾಕಿ ಮನೆ: ಹನೂರು. ತೇವ: ತೊಂಬತ್ತು. ಹೆಸರು: ಅಕ್ಕನದು.

ಆ ದಿನ ಯಳಂದೂರಿನಲ್ಲಿದ್ದದ್ದು ನಾನೊಬ್ಬಳೇ. ಲ್ಯಾಪ್‌ಟಾಪು ನನ್ನದು. ಎಲ್ಲವೂ ಒಮ್ಮೆಲೇ ನೆನಪಾಯಿತು. ಹೊಸ ಆವಿ ಯಂತ್ರವನ್ನು ಪರೀಕ್ಷಿಸಲು ಹೋಗಿದ್ದೆ. ಅದಕ್ಕೆ ಮುಂಚೆ ಹನೂರಿನದನ್ನು ನೋಡುತ್ತಿದ್ದೆ, ಪರದೆಯ ಮೂಲೆಯಲ್ಲಿ ಊರನ್ನು ಬದಲಿಸುವುದನ್ನು ಮರೆತು ತೊಂಬತ್ತು ಎಂದು ಒತ್ತಿದ್ದೆ. ಆವಿ ಬರಲಿಲ್ಲ. ನಳಿಕೆಯನ್ನು ಅಲುಗಿಸಿದೆ, ಯಂತ್ರದ ಬೆನ್ನಿಗೆ ಎರಡು ಗುದ್ದಿದೆ, ಮಾರಿದವರನ್ನು ಬಾಯಿಗೆ ಬಂದಂತೆ ಬೈದೆ. ಮರುದಿನ ಪ್ಲಂಬರು ಬಂದು ನಳಿಕೆ ಬಿಚ್ಚಿ ನೋಡಿ ಏನೂ ಕೆಟ್ಟಿಲ್ಲ ಎಂದಾಗ ಅವನನ್ನೂ ಬೈದಿದ್ದೆ. ನಾನು ಯಳಂದೂರಿನಲ್ಲಿ ನಿಂತು ಆವಿ ಬರಲಿಲ್ಲವೆಂದು ಗುದ್ದುತ್ತಿದ್ದಾಗ, ಆ ಆವಿ ಹನೂರಿನ ಮುಚ್ಚಿದ ಕೋಣೆಯಲ್ಲಿ, ಜ್ವರಕ್ಕೆ ಕೂತ ಹುಳಗಳ ಮೇಲೆ ಇಳಿಯುತ್ತಿತ್ತು.

ಫೋನೂ ನೆನಪಾಯಿತು. ಹೌದು, ಅಕ್ಕ ಮಾಡಿದ್ದಳು. ಒಂದು ಕೈಯಲ್ಲಿ ಸ್ಕ್ರೂ ಡ್ರೈವರು ಹಿಡಿದು, "ಸೆನ್ಸರ್ ಒದ್ದೆಯಾಗಿರತ್ತೆ ಅಕ್ಕ, ಒರೆಸಿ, ಸ್ವಿಚ್ ಆಫ್ ಮಾಡು," ಎಂದು ಕತ್ತರಿಸಿದ್ದೆ. ಸಂಜೆ ಹೊರಡುವಾಗ ಎಲ್ಲವನ್ನೂ ಹಿಂದಿನ ಸ್ಥಿತಿಗೆ ತರುವ ಗುಂಡಿ ಒತ್ತಿ ಮನೆಗೆ ಬಂದಿದ್ದೆ.

ಆ ಸಾಲನ್ನು ಅಳಿಸಲು ಎರಡು ಗುಂಡಿ ಸಾಕಿತ್ತು. ಯಳಂದೂರಿನದು ಇನ್ನೂ ಶುರುವಾಗಿರದ ಮನೆ, ಹಳೆಯ ಸಾಲುಗಳನ್ನು ಯಾರೂ ಕೇಳುವುದಿಲ್ಲ. ಸ್ವಚ್ಛವಾಗಿ ಹೊಸದಾಗಿ ಶುರು ಮಾಡಿದೆ ಎಂದರೆ ಮೆಚ್ಚಿಕೊಳ್ಳುತ್ತಿದ್ದರು ಕೂಡ. ಬೆರಳು ಅಲ್ಲಿಗೆ ಹೋಗಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೋಗಿತ್ತು. ಅಭ್ಯಾಸ ಬೇರೆ. ಆಮೇಲೆ ಸೆರಗಿಗೆ ಒರೆಸಿದ ಕೈ ಕಣ್ಣ ಮುಂದೆ ಬಂತು. ಸಾಲನ್ನು ಮುದ್ರಿಸಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ, ಪಕ್ಕದವರು ಹುಷಾರಿಲ್ಲವಾ ಎಂದು ಕೇಳಿದರು.

ಯಜಮಾನರು ಹಾಳೆ ಓದಿ ಕನ್ನಡಕ ತೆಗೆದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. "ಈಗ ಇದ್ನ ಎತ್ತಾಡಿ ಏನಮ್ಮ ಪ್ರಯೋಜನ? ರೈತ್ರಿಗೆ ಬೇರೆ ಚಾಕಿ ಕೊಟ್ಟಾಯ್ತು, ಮರ್ತೂ ಬುಟ್ಟವ್ರೆ. ಆವಮ್ಮನ್ನ ಸುಮ್ನೆ ಒಳಕ್ಕೆ ಕರ್ಕಂಡ್ರಾಯ್ತು," ಅಂದರು. ನನಗೆ ಜೀವ ಬಂದಂತಾಯಿತು. ಅಷ್ಟು ಸುಲಭವಾ ಎಂದುಕೊಂಡು ಅದೇ ಸಮಾಧಾನ ಹೊತ್ತು ಮರುದಿನ ಹನೂರಿಗೆ ಹೋದೆ. ಈ ಸಲ ಮುಂದಿನ ಗೇಟಿನಿಂದ.

ಅಕ್ಕ ಶೆಡ್ಡಿನಲ್ಲಿ ಸೊಪ್ಪು ಆರಿಸುತ್ತಿದ್ದಳು. ಎಳೆಯದು ಒಂದು ಕಡೆ, ಬಲಿತದ್ದು ಒಂದು ಕಡೆ. ನಾನು ಕೆಳಗೆ ಕೂತು ಎಲ್ಲವನ್ನೂ ಹೇಳಿದೆ. ಊರು ಬದಲಿಸದೆ ಒತ್ತಿದ್ದು, ಅವಳ ಹೆಸರು ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು, ಹದಿನೈದು ದಿನಕ್ಕೆ ಯಂತ್ರ ಮರೆತದ್ದು. ನಾಳೆಯಿಂದ ಒಳಗೆ ಬರಬಹುದು ಎಂದು ಯಜಮಾನರು ಹೇಳಿದ್ದನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಮಿಷಿನ್ನು ಮರ್ತೋಯ್ತು ಅಂತೀಯೆ," ಅಂದಳು. "ಅದ್ಕೆ ಮರಿ ಅಂದವ್ಳು ನೀನು. ನಾನು ಬಾಯ್ಬುಟ್ಟು ಯೋಳಿದ್ನಲ್ಲವ್ವಾ, ಅದ ಮರಿ ಅಂತ ನಿಂಗೆ ಯೋಳ್ದೋರ್ಯಾರು?"

ಯಂತ್ರದ ತಪ್ಪಿಗೆ ಒಂದು ವ್ಯವಸ್ಥೆ ಆರಿಸಿದ್ದೆ, ಡಿಸ್ಕು ತಂದಿದ್ದೆ, ಪ್ರತಿಗೆ ಪ್ರತಿ ಇಟ್ಟಿದ್ದೆ. ಒಬ್ಬ ಹೆಂಗಸು ನನ್ನ ಕಿವಿಗೇ ಹೇಳಿದ್ದನ್ನು ಇಡಲು ನನ್ನಲ್ಲಿ ಜಾಗವಿರಲಿಲ್ಲ. ಅಳು ಬಂತು, ಅತ್ತೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ಅದೂ ಸರಿಯಾಗಿತ್ತು.

ಕೊನೆಗೆ ಹೇಳಿದಳು: "ಸುಮ್ನೆ ಒಳಕ್ಕೆ ಬರಕಿಲ್ಲ ನಾನು. ಯೋಳು ಯಜಮಾನ್ರಿಗೆ. ಅವತ್ತು ಅಷ್ಟ್ ಜನದ ಮುಂದೆ ನನ್ ಎಸ್ರು ಓದ್ದಲ್ಲ, ಅಂಗೇ ಓದು ಇದ್ನೂ. ಅಷ್ಟೇ ಜೋರಾಗಿ."

ಯಜಮಾನರು ಮುಖ ಗಂಟಿಕ್ಕಿದರು, ಎರಡು ದಿನ ನನ್ನ ಜೊತೆ ಮಾತು ಬಿಟ್ಟರು, ಆಮೇಲೆ ಒಪ್ಪಿದರು. ಮುಂದಿನ ಸಲ ಚಾಕಿ ಹಂಚುವ ಬೆಳಿಗ್ಗೆ ಕಾಮಗೆರೆಯ ಆ ಮನೆಯವರೂ ಬಂದಿದ್ದರು. ನಾನು ಅದೇ ಜಾಗದಲ್ಲಿ ನಿಂತು ಹಾಳೆ ಓದಿದೆ. ಅಕ್ಕನ ಹೆಸರು ಬಂದಲ್ಲಿ ನಿಲ್ಲಿಸಿ, ಅದು ಅವಳಲ್ಲ, ಅವಳ ಹೆಸರಿನಲ್ಲಿ ಒತ್ತಿದವಳು ನಾನು ಎಂದೆ. ಅವಳು ಫೋನು ಮಾಡಿ ಹೇಳಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ ಎಂದೆ. ನನ್ನ ದೊಡ್ಡ ದನಿ ಅಂದು ಎರಡು ಸಲ ಒಡೆಯಿತು. ಎರಡು ಸಲವೂ ಅಕ್ಕ, "ಕೇಳಕಿಲ್ಲ ಕಣವ್ವಾ, ಜೋರಾಗಿ," ಅಂದಳು.

ಮೊರ ತಂದಿದ್ದ ಹಿರಿಯರು ಟವೆಲಿನಿಂದ ಮುಖ ಒರೆಸಿಕೊಂಡರು. ಅಕ್ಕನ ಕಡೆ ತಿರುಗಿ, "ಕಂಪ್ಯೂಟ್ರು ಯೋಳ್ತು ಅಂತ ನಾವೂ ನಿನ್ನ ಅಂದ್ಬುಟ್ವಲ್ಲವ್ವಾ," ಅಂದರು. ಅಕ್ಕ ಆ ಮಾತಿಗೆ ತಲೆಯಾಡಿಸಿದಳು. ಬ್ಲೀಚಿಂಗ್ ಪೌಡರಿನ ನೀರಿನ ತೊಟ್ಟಿಯ ಬಳಿಗೆ ಹೋಗಿ, ಮೊಣಕೈವರೆಗೆ ನಿಧಾನವಾಗಿ ತೊಳೆದು, ಕೈ ಮೇಲೆತ್ತಿ ಹಿಡಿದುಕೊಂಡೇ ಒಳಗಿನ ಚಪ್ಪಲಿ ಮೆಟ್ಟಿ ಹೋದಳು. ಮುಂದಿನ ಸರದಿಯ ಹುಳಗಳು ಒಳಗೆ ಆಗಲೇ ಮೊಟ್ಟೆಯೊಡೆದಿದ್ದವು. ಬಾಗಿಲು ಮುಚ್ಚಿಕೊಂಡಿತು.

ಈಗ ಎಲ್ಲರ ಕೊರಳಲ್ಲೂ ಒಂದೊಂದು ಕಾರ್ಡಿದೆ. ಕೈ ಬಳಸದೆ, ಎದೆಯನ್ನೇ ಸ್ವಲ್ಪ ಮುಂದೆ ಚಾಚಿ ಯಂತ್ರಕ್ಕೆ ತೋರಿಸಿದರೆ ಅವರವರ ಹೆಸರು ಬೀಳುತ್ತದೆ. ನೋಡುವವರಿಗೆ ನಗು ಬರುತ್ತದೆ, ಕೆಲಸವಂತೂ ಆಗುತ್ತದೆ. ಕೊಳ್ಳೇಗಾಲದ ಯಂತ್ರದಲ್ಲಿ ಒಂದು ವರ್ಷದ ಸಾಲುಗಳು ಉಳಿಯುತ್ತವೆ. ಅಳಿಸುವ ಅಧಿಕಾರ ನನಗಿಲ್ಲ. ಅದರ ಪಾಸ್‌ವರ್ಡು ಯಜಮಾನರ ಬೀರುವಿನಲ್ಲಿದೆ, ಹಾಗೆ ಮಾಡಿಸಿದವಳೂ ನಾನೇ. ಎಷ್ಟು ದಿನ ಇಡಬೇಕೆಂದು ತೀರ್ಮಾನಿಸುವವರು, ಅಳಿಸಿದರೆ ಅನುಕೂಲವಾಗುವವರೇ ಆಗಿರಬಾರದು ಎಂಬುದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರದ ಪಾಠ.

ಇನ್ನೊಂದನ್ನು ಯಾವ ಷರತ್ತೂ ಕೇಳಿರಲಿಲ್ಲ. ಯಂತ್ರದ ಸಾಲುಗಳ ನಡುವೆ ನಾನು ಒಂದು ಹೊಸ ಬಗೆಯ ಸಾಲು ಸೇರಿಸಿದೆ: ಹುಳದ ಮನೆಯವರು ಬಾಯಲ್ಲಿ ಹೇಳಿದ್ದು. ಯಾರೇ ಫೋನು ಮಾಡಲಿ, ಕೈಯಲ್ಲಿ ಏನೇ ಇರಲಿ, ಕೆಳಗಿಟ್ಟು ಅವರ ಮಾತನ್ನು ಅವರ ಮಾತಿನಲ್ಲೇ ಬರೆಯಬೇಕು. ಅದನ್ನು ಅಕ್ಕನಿಗೆ ಹೇಳಿದ್ದೆ. ಅವಳು ಸೊಪ್ಪು ಆರಿಸುತ್ತಲೇ ಕೇಳಿಸಿಕೊಂಡಿದ್ದಳು.

ಅವಳು ಒಳಗೆ ಹೋದ ಮರುದಿನ ಬೆಳಿಗ್ಗೆ ನನ್ನ ಫೋನು ಬಡಿದುಕೊಂಡಿತು. ದೋಸೆ ಕಾವಲಿಯ ಮೇಲಿತ್ತು. ಒಲೆ ಆರಿಸಿ, ಪೆನ್ನು ಹುಡುಕಿ, "ಏನಾಯ್ತಕ್ಕ?" ಅಂದೆ.

"ಏನೂ ಆಗಿಲ್ಲ ಕಣವ್ವಾ. ಉಳ ಸಂದಾಗವೆ," ಅಂದಳು ಅಕ್ಕ. ಆ ಕಡೆ ಬಸ್ಸೊಂದು ಹಾರನ್ನು ಹೊಡೆಯುತ್ತಿತ್ತು, ಬೀಗ ತೆಗೆದು, ಬಾಗಿಲಿಂದಲೇ ಹುಳ ನೋಡಿ, ಇನ್ನೂ ಹೊರಗೇ ನಿಂತಿದ್ದಳು, ಕೈ ತೊಳೆಯುವ ಮುಂಚೆ. "ಬರಕಂಡ್ಯಾ?"

"ಏನೂ ಆಗಿಲ್ಲ ಅನ್ನೋದನ್ನ ಬರೀಬೇಕಾ ಅಕ್ಕ?"

"ಊ ಕಣವ್ವಾ. ಬರಕೊ," ಅಂದಳು. "ನಾನು ಕಾಯ್ತೀನಿ."

ಬರೆದುಕೊಂಡೆ.